ಒಬ್ಬ ರೋಗಿ ಹೆಚ್ಚಾದರೆ

ಕಳೆದ ಡ್ಯೂಟಿಯಲ್ಲಿ ನಿಮ್ಮ ಪಾಲಿಗೆ ಎಷ್ಟು ರೋಗಿಗಳಿದ್ದರು? 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನರ್ಸ್‌ಗಳ ಮನೆಗೆ ಅಂಚೆಯಲ್ಲಿ ಬಂದ ಪ್ರಶ್ನಾವಳಿಯಲ್ಲಿ ಇದೂ ಇತ್ತು. ಕಳಿಸಿದವರು ಲಿಂಡಾ ಐಕೆನ್ ಮತ್ತು ಸಂಗಡಿಗರು. ಐಕೆನ್ ಕೂಡ ನರ್ಸಿಂಗ್ ಓದಿ ಬಂದವರೇ. 168 ಆಸ್ಪತ್ರೆಗಳ 10,184 ನರ್ಸ್‌ಗಳ ಉತ್ತರ ಒಂದು ಕಡೆ. ಅದೇ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ 2,32,342 ಜನರ ದಾಖಲೆ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ನೋಡಿದ ಫಲಿತಾಂಶ 2002ರಲ್ಲಿ ಹೊರಬಂತು.

ಆ ರೋಗಿಗಳಲ್ಲಿ 53,813 ಮಂದಿ ದೊಡ್ಡ ತೊಡಕುಗಳಿಗೆ ಸಿಕ್ಕಿದ್ದರು. 30 ದಿನಗಳೊಳಗೆ ತೀರಿಕೊಂಡವರು 4,535. ರೋಗಿಯ ವಯಸ್ಸು, ಮೊದಲೇ ಇದ್ದ ಕಾಯಿಲೆ, ಆಸ್ಪತ್ರೆಯ ಗಾತ್ರ, ಅಲ್ಲಿನ ತಂತ್ರಜ್ಞಾನ ಎಲ್ಲದರ ಪಾಲನ್ನೂ ಕಳೆದ ಮೇಲೆ ಉಳಿದದ್ದು ಒಂದು ಪುಟ್ಟ ಅಂಕಿ: 7. ನರ್ಸ್ ಒಬ್ಬರ ಪಾಲಿಗೆ ಒಬ್ಬೇ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಂಭವ ಶೇ 7ರಷ್ಟು ಏರುತ್ತದೆ. ಏರಿಕೆ ಚಕ್ರಬಡ್ಡಿಯ ಹಾಗೆ. ನಾಲ್ವರ ಬದಲು ಆರು ಜನರಾದರೆ ಶೇ 14, ಎಂಟು ಜನರಾದರೆ ಶೇ 31.

ಈ 7 ಎಲ್ಲಿಂದ ಬರುತ್ತದೆಂದು ತಿಳಿಯಲು ಗಡಿಯಾರ ಸಾಕು. ಎಂಟು ತಾಸಿನ ಡ್ಯೂಟಿಯಲ್ಲಿ 480 ನಿಮಿಷ. ನಾಲ್ವರಿಗೆ ಹಂಚಿದರೆ ತಲೆಗೆ 120, ಎಂಟು ಜನಕ್ಕೆ ಹಂಚಿದರೆ 60. ಅದರಲ್ಲೇ ಇಂಜೆಕ್ಷನ್, ಡ್ರಿಪ್, ಡ್ರೆಸ್ಸಿಂಗ್, ಕೇಸ್ ಶೀಟು, ಮನೆಯವರ ಪ್ರಶ್ನೆಗಳು. ಸರ್ಜನ್ ಹೊಲಿಗೆ ಹಾಕಿ ಹೋದ ಮೇಲೆ ಹಗಲೂ ರಾತ್ರಿ ಹಾಸಿಗೆಯ ಬಳಿ ಓಡಾಡುವುದು ನರ್ಸ್‌ಗಳೇ. ಒಳಗೆ ರಕ್ತ ಸೋರುತ್ತಿದ್ದರೆ ಮೊದಲು ನಾಡಿ ಓಡುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಮುಖ ಬಿಳಿಚುತ್ತದೆ. ಇದನ್ನು ಯಾರಾದರೂ ನೋಡಬೇಕು, ಹೊತ್ತು ಮೀರುವ ಮುಂಚೆ ನೋಡಬೇಕು. ತೊಡಕು ಬಂದವರೆಲ್ಲ ಸಾಯುವುದಿಲ್ಲ. ಕಣ್ಣಿಗೆ ಬೀಳದೆ ಹೋದದ್ದೇ ಕೊಲ್ಲುತ್ತದೆ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ, ಉಳಿದ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ರೋಗಿಯ ಜೊತೆ ಕೂತು ಬೆಳಗು ಮಾಡಿದವರು ತಾವಿದ್ದ ವಾರ್ಡಿನ ಹಾಸಿಗೆಗಳನ್ನು ಒಮ್ಮೆ ನೆನಪಿನಲ್ಲೇ ಎಣಿಸಿ ನೋಡಲಿ.

ಸಾವಿನ ಆ ಲೆಕ್ಕ ಪೆನ್ಸಿಲ್ವೇನಿಯಾದ ಸಂಗತಿಯಷ್ಟೇ ಎನ್ನುವಂತೆಯೂ ಇಲ್ಲ. 2014ರಲ್ಲಿ ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳು, 4,22,730 ರೋಗಿಗಳು, 26,516 ನರ್ಸ್‌ಗಳ ಅಧ್ಯಯನ ಪ್ರಕಟವಾಯಿತು. ಭಾಷೆ ಬೇರೆ, ಸಂಬಳ ಬೇರೆ, ಆಸ್ಪತ್ರೆ ನಡೆಸುವ ಪದ್ಧತಿ ಬೇರೆ. ಅಂಕಿ ಮಾತ್ರ ಮತ್ತೆ ಅದೇ 7! ನನಗೆ ಅದಕ್ಕಿಂತ ಬೆರಗೆನಿಸಿದ್ದು ಓದಿನ ಲೆಕ್ಕ. ಪದವಿ ಪಡೆದ ನರ್ಸ್‌ಗಳ ಪಾಲು ಶೇ 10 ಅಂಶ ಹೆಚ್ಚಿದಲ್ಲಿ ಸಾವಿನ ಸಂಭವ ಶೇ 7ರಷ್ಟು ಇಳಿದಿತ್ತು. ತರಗತಿಯಲ್ಲಿ ಕಲಿತದ್ದು ವರ್ಷಗಳಾಚೆ, ಯಾವುದೋ ವಾರ್ಡಿನಲ್ಲಿ, ಮುಖಪರಿಚಯವೂ ಇಲ್ಲದವರ ಉಸಿರು ಉಳಿಸುತ್ತಿದೆ.

ಪೆನ್ಸಿಲ್ವೇನಿಯಾದ ಪ್ರಶ್ನಾವಳಿಯಲ್ಲಿ ನರ್ಸ್‌ಗಳು ತಮ್ಮ ಬಗ್ಗೆಯೂ ಬರೆದಿದ್ದರು. ಒಬ್ಬ ರೋಗಿ ಹೆಚ್ಚಾದಾಗ ಅವರು ದಣಿದು ಬಸವಳಿಯುವ ಸಂಭವ ಶೇ 23ರಷ್ಟು ಏರುತ್ತಿತ್ತು. ಹಾಗೆ ಬಸವಳಿದು ಬೇಸತ್ತವರಲ್ಲಿ ಶೇ 43 ಮಂದಿ ವರ್ಷದೊಳಗೆ ಕೆಲಸ ಬಿಡುವುದಾಗಿ ಹೇಳಿದರು. ದಣಿವೂ ಬೇಸರವೂ ಇಲ್ಲದವರಲ್ಲಿ ಶೇ 11 ಮಾತ್ರ. ಒಬ್ಬರು ಬಿಟ್ಟರೆ ಅವರ ಪಾಲಿನ ರೋಗಿಗಳು ಉಳಿದವರ ಪಾಲಿಗೆ ಬರುತ್ತಾರೆ, ತಲೆಗೆ ಇನ್ನೊಬ್ಬರಂತೆ.