ಮುಂದಿನ ಹೆಣಿಗೆ ಯಾವುದು?

ಸಿದ್ಧ ಸ್ವೆಟರುಗಳು ಎಲ್ಲೆಡೆ ಸುಲಭವಾಗಿ ದೊರೆಯುವ ಈ ದಿನಗಳಲ್ಲಿಯೂ ಕೈಹೆಣಿಗೆಯ ಅಭ್ಯಾಸ ಅನೇಕ ಮನೆಗಳಲ್ಲಿ ಉಳಿದುಬಂದಿದೆ. ದೆಹಲಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಹಲವರು ಈ ವಿದ್ಯೆಯನ್ನು ಚಳಿಗಾಲದ ಎಳೆಬಿಸಿಲಿಗೆ ಕುಳಿತ ನೆರೆಹೊರೆಯವರಿಂದ ಕಲಿತವರು. ಒಂದು ಹೆಣಿಗೆ ಮುಗಿದೊಡನೆ ಮುಂದಿನದು ಯಾವುದೆಂಬ ಪ್ರಶ್ನೆ ಏಳುತ್ತದೆ. ಬಣ್ಣಕ್ಕೆ ಮಾರುಹೋಗಿ ಉಣ್ಣೆ ಕೊಂಡು, ಅದರಿಂದ ಏನು ಹೆಣೆಯಬೇಕೆಂದು ಆಮೇಲೆ ಯೋಚಿಸುವುದು ಸಾಮಾನ್ಯ ರೂಢಿ. ಟ್ರಂಕಿನ ತಳ ಸೇರಿದ ಅರೆಹೆಣೆದ ಸ್ವೆಟರುಗಳಿಗೂ, ತೊಟ್ಟವರು ಎರಡೇ ದಿನಕ್ಕೆ ಕಳಚಿಡುವ ಉಡುಪುಗಳಿಗೂ ಬಹುಮಟ್ಟಿಗೆ ಈ ರೂಢಿಯೇ ಕಾರಣ. ಊರಿನ ಹವೆ, ತೊಡುವವರ ದೇಹಸ್ಥಿತಿ, ಹೆಣೆಯುವವರ ಆರೋಗ್ಯ, ಕೈಯಲ್ಲಿರುವ ಬಿಡುವು ಇವು ನಾಲ್ಕನ್ನೂ ಮೊದಲು ವಿಚಾರಿಸಿ, ನೂಲನ್ನು ಕಡೆಯಲ್ಲಿ ಆರಿಸುವುದು ಲೇಸು.

ಊರಿನ ಹವೆ

ಜನವರಿ ತಿಂಗಳಲ್ಲಿ ದೆಹಲಿಯ ಸರಾಸರಿ ಕನಿಷ್ಠ ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್. ಮುಂಬಯಿಯಲ್ಲಿ ಸುಮಾರು 17. ಚೆನ್ನೈಯಲ್ಲಿ 20ಕ್ಕೂ ಮೇಲು. ದೆಹಲಿಗೆ ಯೋಗ್ಯವಾದ ದಪ್ಪ ಸ್ವೆಟರು ಮುಂಬಯಿಯಲ್ಲಿರುವ ಮಗಳಿಗೆ ಹೊರೆಯಾಗುತ್ತದೆ. ಅಲ್ಲಿಗೆ ಹತ್ತಿನೂಲಿನ ತೆಳು ಹೊದಿಕೆಯೂ, ಬೆಂಗಳೂರಿನ ತಂದೆಗೆ ತೋಳಿಲ್ಲದ ಸ್ವೆಟರೂ ಸಾಕು.

ಅಪ್ಪಟ ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿದರೂ ಒದ್ದೆಯೆನಿಸುವುದಿಲ್ಲ. ಬೆಂಕಿಯೂ ಅದಕ್ಕೆ ಸುಲಭವಾಗಿ ತಗಲದು. ಆದರೆ ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಕುಗ್ಗಿ ಗಟ್ಟಿಯಾಗುತ್ತದೆ. ಅಕ್ರಿಲಿಕ್ ನೂಲು ಅಗ್ಗ, ಒಗೆಯಲು ಸುಲಭ. ಬೆವರನ್ನು ಮಾತ್ರ ಅಷ್ಟಾಗಿ ಹೀರದು. ಬೆಂಕಿ ತಗಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದರಿಂದ, ಒಲೆ ಅಥವಾ ಹೀಟರಿನ ಸಮೀಪ ಕೂರುವ ಮಕ್ಕಳಿಗೂ ವೃದ್ಧರಿಗೂ ಅದನ್ನು ಆರಿಸದಿರುವುದು ಕ್ಷೇಮ.

ತೊಡುವವರ ದೇಹ

ಉಣ್ಣೆ ಚುಚ್ಚುತ್ತದೆಂದು ದೂರುವವರನ್ನು ತೀಡುವ ಮುನ್ನ ನೂಲನ್ನು ಕತ್ತಿನ ಬದಿಗೆ ಒತ್ತಿ ಪರೀಕ್ಷಿಸಬೇಕು. ಒರಟು ಎಳೆಗಳ ತುದಿಗಳು ಚರ್ಮಕ್ಕೆ ತಾಗುವುದೇ ಈ ಚುಚ್ಚಿಗೆ ಸಾಮಾನ್ಯ ಕಾರಣ. ನಮ್ಮ ನಾಡಿನ ಕರಿಯ ಕಂಬಳಿಯ ಉಣ್ಣೆ ಮಳೆ ಚಳಿಗಳಿಗೆ ಹೊದೆಯಲು ಉತ್ತಮವಾದರೂ ಮೈಗೆ ಅಂಟಿಕೊಂಡಿರುವ ಉಡುಪಿಗೆ ಒರಟು. ಮೆರಿನೋ ಕುರಿಯ ಎಳೆ ನಯವಾದದ್ದು.

ಹಸುಗೂಸಿನ ಕುಲಾವಿಗೆ ಉದ್ದನೆಯ ದಾರ ಕಟ್ಟಬಾರದು, ಕೊರಳಿಗೆ ಬಿಗಿದೀತು. ಕೈಚೀಲ ಕಾಲುಚೀಲಗಳಲ್ಲಿ ತೂತುತೂತಿನ ವಿನ್ಯಾಸವೂ ಒಳಗೆ ಜೋಲುವ ಎಳೆಗಳೂ ಇರಕೂಡದು. ಎಳೆಯೊಂದು ಪುಟ್ಟ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಂತುಹೋಗಬಹುದು.

ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದ ಹಿರಿಯರಿಗೆ ಕಾಲುಚೀಲ ಹೆಣೆಯುವಾಗ ಇನ್ನೂ ಎಚ್ಚರ ಅಗತ್ಯ. ಒಳಗಿನ ದಪ್ಪ ಗಂಟು ಅಥವಾ ಜೋಡಣೆ ಒತ್ತಿ ಹುಣ್ಣಾದರೂ ಅವರಿಗೆ ನೋವು ತಿಳಿಯದೆ ಹೋಗಬಹುದು. ಬಾಯಿ ಬಿಗಿಯಾಗಿರಬಾರದು; ಗಂಟುಗಳು ಹೊರಮೈಗೆ ಬರಬೇಕು.

ಹೆಣೆಯುವವರ ಆರೋಗ್ಯ

ನಲವತ್ತು ದಾಟಿದವರಿಗೆ ಸಂಜೆಯ ದೀಪದಲ್ಲಿ ಕಪ್ಪು, ಕಡುನೀಲಿ ನೂಲುಗಳ ಕುಣಿಕೆ ಸರಿಯಾಗಿ ಕಾಣದು, ತಿಳಿಬಣ್ಣವೇ ಹಿತ. ದೊಡ್ಡ ಹೊದಿಕೆಯ ಭಾರವೆಲ್ಲ ನೇರ ಕಡ್ಡಿಗಳ ಮೂಲಕ ಮಣಿಕಟ್ಟಿಗೆ ಬೀಳುತ್ತದೆ. ತಂತಿಯಿಂದ ಜೋಡಿಸಿದ ಕಡ್ಡಿಗಳಲ್ಲಿ ಆ ಭಾರ ಮಡಿಲಿನಲ್ಲಿ ನಿಲ್ಲುತ್ತದೆ. ಅರ್ಧ ಗಂಟೆಗೊಮ್ಮೆ ಕೆಲಸ ನಿಲ್ಲಿಸಿ ಕೈ ಕತ್ತುಗಳನ್ನು ಸಡಿಲಿಸಬೇಕು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಮೇಲಿಂದ ಮೇಲೆ ಜೋಮು ಹಿಡಿಯುತ್ತಿದ್ದರೆ, ಅದು ಮಣಿಕಟ್ಟಿನಲ್ಲಿ ನರ ಒತ್ತಲ್ಪಡುತ್ತಿರುವ ಸೂಚನೆಯಾಗಬಹುದು. ಆಗ ವೈದ್ಯರನ್ನು ಕಾಣುವವರೆಗೆ ಹೊಸ ಹೆಣಿಗೆ ಬೇಡ.

ಬಿಡುವಿನ ಲೆಕ್ಕ

ಮೊದಲು 10 ಸೆಂಟಿಮೀಟರ್ ಉದ್ದಗಲದ ಮಾದರಿ ತುಂಡೊಂದನ್ನು ಹೆಣೆದು, ತಗುಲಿದ ಸಮಯವನ್ನು ಬರೆದಿಡಬೇಕು. ವಯಸ್ಕರ ತುಂಬುತೋಳಿನ ಸ್ವೆಟರು ಸುಮಾರು 90 ಇಂತಹ ತುಂಡುಗಳಿಗೆ ಸಮ. ಮಗುವಿನ ಕುಲಾವಿ ಆರಕ್ಕೆ. ಒಂದು ತುಂಡಿಗೆ ಮುಕ್ಕಾಲು ಗಂಟೆಯಾದರೆ ಸ್ವೆಟರಿಗೆ ಅರವತ್ತೇಳೂವರೆ ಗಂಟೆ ಬೇಕು. ದಿನಕ್ಕೊಂದು ಗಂಟೆಯಂತೆ ನವೆಂಬರ್ ಮಧ್ಯದಲ್ಲಿ ಆರಂಭಿಸಿದರೆ ಮುಗಿಯುವಾಗ ಸಂಕ್ರಾಂತಿ ಕಳೆದಿರುತ್ತದೆ. ಗಣೇಶ ಚತುರ್ಥಿಯ ವೇಳೆಗೇ ಕಡ್ಡಿ ಹಿಡಿಯಬೇಕು. ಇಲ್ಲವೇ ಆ ವರ್ಷಕ್ಕೆ ಕುಲಾವಿ, ಮಫ್ಲರುಗಳಿಂದ ತೃಪ್ತರಾಗಬೇಕು.

ಅದೇ ತುಂಡು ಅಳತೆಯ ತಪ್ಪನ್ನೂ ತಪ್ಪಿಸುತ್ತದೆ. 10 ಸೆಂಟಿಮೀಟರಿಗೆ 22 ಕುಣಿಕೆ ಬರಬೇಕಾದ ಕಡೆ 20 ಮಾತ್ರ ಬಂದರೆ, 100 ಸೆಂಟಿಮೀಟರ್ ಎದೆಸುತ್ತಳತೆಗೆಂದು ಹಾಕಿದ 220 ಕುಣಿಕೆಗಳು 110 ಸೆಂಟಿಮೀಟರ್ ಆಗುತ್ತವೆ. ಆಗ ಇನ್ನೂ ಸಪೂರವಾದ ಕಡ್ಡಿಯಿಂದ ಮತ್ತೊಂದು ತುಂಡು ಹೆಣೆದು ನೋಡಬೇಕು. ಹಳೆಯ ಕ್ರಮದಲ್ಲಿ 8ನೆಯ ನಂಬರಿನ ಕಡ್ಡಿ 4 ಮಿಲಿಮೀಟರ್, 10ನೆಯದು 3.25, ಅಂಕೆ ಏರಿದಂತೆ ಕಡ್ಡಿ ಸಪೂರವಾಗುತ್ತದೆ.

ಇಷ್ಟು ನಿಶ್ಚಯವಾದ ಮೇಲೆ ನೂಲಿನ ಅಂಗಡಿಗೆ ಹೋಗಬಹುದು. ಬೇಕಾದ ಉಂಡೆಗಳನ್ನೆಲ್ಲ ಒಂದೇ ಲಾಟ್ ಸಂಖ್ಯೆಯವನ್ನಾಗಿ ನೋಡಿ ಒಮ್ಮೆಗೇ ಕೊಳ್ಳಬೇಕು. ಬೇರೆ ಲಾಟಿನ ಬಣ್ಣ ಕೊಂಚ ವ್ಯತ್ಯಾಸವಾಗುವುದುಂಟು. ಹೊಸದನ್ನು ಕೊಳ್ಳುವ ಮೊದಲು ಟ್ರಂಕಿನಲ್ಲಿರುವುದನ್ನೂ ಹೊರತೆಗೆದು ನೋಡುವುದು ಒಳ್ಳೆಯದು. ಯಾರಿಗಾಗಿ ಆರಂಭಿಸಿದ್ದೋ ಅವರ ಅಳತೆಗೆ ಅದು ಇನ್ನೂ ಹೊಂದುವುದಾದರೆ ಅದೇ ಮುಂದಿನ ಹೆಣಿಗೆ. ಮಗು ಬೆಳೆದುಬಿಟ್ಟಿದ್ದರೆ ಅದನ್ನು ಬಿಚ್ಚಿ, ನೂಲನ್ನು ಲಡಿಮಾಡಿ ತಣ್ಣೀರಿನಲ್ಲಿ ನೆನೆಸಿ ಒಣಗಿಸಿದರೆ ಸುಕ್ಕು ಬಿಡುತ್ತದೆ. ಅಷ್ಟರಲ್ಲಿಯೇ ಮನೆಯ ಚಿಕ್ಕವರಿಗೊಂದು ಕುಲಾವಿಯಾದೀತು.