ನಿಮಗಿದು ಗೊತ್ತೆ?: ಮರಳು ನುಂಗಿದ ವಜ್ರದೂರು

ನಮೀಬಿಯಾದ ಮರುಭೂಮಿಯಲ್ಲಿ, ಲೂಡೆರಿಟ್ಜ್ ಬಂದರಿನಿಂದ ಸುಮಾರು 10 ಕಿ.ಮೀ. ಒಳಗೆ ಕೋಲ್ಮನ್ಸ್‌ಕಾಪ್ ಎಂಬ ಪಾಳು ಊರಿದೆ. ಅದರ ಹುಟ್ಟಿಗೆ ಕಾರಣ ರೈಲು ಹಳಿ!

● ಗಾಳಿ ತಂದು ಸುರಿಯುವ ಮರಳಿನಿಂದ ಇಲ್ಲಿನ ಹಳಿಗಳು ಹೂತುಹೋಗುತ್ತಿದ್ದವು. 1908ರಲ್ಲಿ ಆ ಮರಳನ್ನು ಸಲಿಕೆಯಿಂದ ಎತ್ತುತ್ತಿದ್ದ ಕಾರ್ಮಿಕ ಜಕರಾಯಸ್ ಲೆವಾಲಾಗೆ ಹೊಳೆಯುವ ಕಲ್ಲೊಂದು ಸಿಕ್ಕಿತು. ಹಿಂದೆ ಕಿಂಬರ್ಲಿಯ ವಜ್ರದ ಗಣಿಯಲ್ಲಿ ದುಡಿದಿದ್ದ ಅವರು ಅದನ್ನು ಮೇಲ್ವಿಚಾರಕ ಆಗಸ್ಟ್ ಸ್ಟೌಖ್‌ಗೆ ಒಪ್ಪಿಸಿದರು.

● ಅದು ವಜ್ರವೇ ಆಗಿತ್ತು. ಸ್ಟೌಖ್ ಭಾರೀ ಶ್ರೀಮಂತರಾದರು. ಕಲ್ಲು ಹೆಕ್ಕಿದ ಲೆವಾಲಾಗೆ ಮಾತ್ರ ಆ ಸಂಪತ್ತಿನಲ್ಲಿ ಪಾಲು ಸಿಗಲಿಲ್ಲ. ವಜ್ರದ ಕಥೆ ಹೇಳುವಾಗಲೆಲ್ಲ ಮೊದಲು ನೆನೆಯಬೇಕಾದ ಹೆಸರು ಅವರದೇ.

● ವಜ್ರಗಳು ಕೈತಪ್ಪದಿರಲೆಂದು ಅದೇ ವರ್ಷ ಅಂದಿನ ಜರ್ಮನ್ ವಸಾಹತು ಆಡಳಿತ ಸುತ್ತಲಿನ ವಿಶಾಲ ಪ್ರದೇಶವನ್ನು ನಿಷೇಧಿತ ವಲಯವೆಂದು ಸಾರಿತು.

● ವಜ್ರದಿಂದಲೇ ಬೆಳೆದ, ಹನಿ ನೀರೂ ಹೊರಗಿನಿಂದಲೇ ಬರಬೇಕಿದ್ದ ಈ ಊರಿನಲ್ಲಿ ಆಸ್ಪತ್ರೆ, ನಾಟಕಶಾಲೆ, ಬೌಲಿಂಗ್ ಅಂಕಣ, ಮಂಜುಗಡ್ಡೆ ಕಾರ್ಖಾನೆಗಳಿದ್ದವು.

● 1928ರಲ್ಲಿ ದಕ್ಷಿಣದ ಆರೆಂಜ್ ನದಿಯ ಬಳಿ ಇನ್ನೂ ದೊಡ್ಡ ವಜ್ರಗಳು ಸಿಕ್ಕವು. ಜನ ಅತ್ತ ಗುಳೆ ಹೊರಟರು. 1956ರ ಹೊತ್ತಿಗೆ ಊರು ಪೂರ್ತಿ ಬರಿದಾಯಿತು.

● ಈಗ ಇದು ಪ್ರವಾಸಿ ತಾಣ. ಅನುಮತಿ ಚೀಟಿ ಪಡೆದು ಒಳಹೋದರೆ ಬಣ್ಣ ಮಾಸದ ಗೋಡೆಗಳನ್ನೂ, ಬಾಗಿಲನ್ನು ಅರ್ಧಕ್ಕೇ ತಡೆದು, ಮೊಣಕಾಲೆತ್ತರಕ್ಕೂ ಮೀರಿ ಕೋಣೆ ತುಂಬಿದ ಮರಳನ್ನೂ ಹತ್ತಿರದಿಂದ ನೋಡಬಹುದು.