ಗಿನಿಕೋಳಿಯ ಜೀವಧರ್ಮವೂ ಅಘನಾಶಿನೀ ತೀರವೂ

೧

ಗಿನಿಕೋಳಿಯು ಭರತಖಂಡದ ಪಕ್ಷಿಯಲ್ಲ. ಅದರ ಮೂಲಸ್ಥಾನವು ಆಫ್ರಿಕಾಖಂಡ. ಹೆಸರಿನಲ್ಲಿರುವ ‘ಗಿನಿ’ಯು ಆ ಖಂಡದ ಪಶ್ಚಿಮ ಕರಾವಳಿಯ ನಾಡು. ಪ್ರಾಚೀನ ಗ್ರೀಕರು ಇದನ್ನು ‘ಮೆಲೆಯಾಗ್ರಿಸ್’ ಎಂದರು. ಮೆಲೆಯಾಗರನೆಂಬ ವೀರನು ಮಡಿಯಲು ಅವನ ಸೋದರಿಯರು ಶೋಕದಿಂದ ಹಕ್ಕಿಗಳಾದರೆಂದೂ, ಅವರ ಕಣ್ಣೀರ ಹನಿಗಳೇ ಬೂದುಗರಿಗಳ ಮೇಲಣ ಬಿಳಿಯ ಚುಕ್ಕಿಗಳೆಂದೂ ಅವರ ಪುರಾಣಕಥೆಯು ಹೇಳುವುದು. ೧೭೫೮ರಲ್ಲಿ ಲಿನ್ನೇಯಸನು ಈ ಹೆಸರನ್ನೇ ಅಮೇರಿಕದ ಟರ್ಕಿಕೋಳಿಯ ಕುಲಕ್ಕೆ ಇಟ್ಟನು. ಆದುದರಿಂದ ಇಂದಿಗೂ ಶಾಸ್ತ್ರದಲ್ಲಿ ಗಿನಿಕೋಳಿಯು ‘ನ್ಯೂಮಿಡಾ ಮೆಲೆಯಾಗ್ರಿಸ್’ ಆಗಿಯೂ, ಟರ್ಕಿಯು ‘ಮೆಲೆಯಾಗ್ರಿಸ್ ಗ್ಯಾಲೊಪಾವೊ’ ಆಗಿಯೂ ಒಂದೇ ಹೆಸರನ್ನು ಹಂಚಿಕೊಂಡಿವೆ.

೧೯೭೯ರಲ್ಲಿ ಸ್ಥಾಪಿತವಾದ ಇಜ್ಜತ್‌ನಗರದ ಕೇಂದ್ರ ಪಕ್ಷಿ ಸಂಶೋಧನ ಸಂಸ್ಥೆಯು ಈ ಕೋಳಿಯ ಮೂರು ತಳಿಗಳನ್ನು ಸಿದ್ಧಗೊಳಿಸಿ, ಚುಕ್ಕಿಯುಳ್ಳುದಕ್ಕೆ ಕಾದಂಬರಿ, ತಿಳಿನೀಲಿಯ ಛಾಯೆಯುಳ್ಳುದಕ್ಕೆ ಚಿತಾಂಬರಿ, ಬಿಳಿಯದಕ್ಕೆ ಶ್ವೇತಾಂಬರಿ ಎಂದು ನಾಮಕರಣ ಮಾಡಿತು. ಬಾಣಭಟ್ಟನ ನಾಯಿಕೆಯ ಹೆಸರು ಕೋಳಿಯ ಗೂಡನ್ನು ಹೊಕ್ಕುದು ಹೀಗೆ.

೨

ಗಂಡುಹೆಣ್ಣುಗಳನ್ನು ಬಣ್ಣದಿಂದ ಗುರುತಿಸುವುದು ಸಾಧ್ಯವಿಲ್ಲ. ಗಂಡಿನ ನೆತ್ತಿಯ ಕೊಂಬೂ ಗಲ್ಲದ ಜೋಲುಗಳೂ ತುಸು ದೊಡ್ಡವು. ಆದರೆ ನಿಶ್ಚಯವಾದ ಲಕ್ಷಣವು ಧ್ವನಿ. ಗಂಡು ಏಕಾಕ್ಷರದ ಕೂಗನ್ನು ಮಾತ್ರ ಬಲ್ಲದು. ಹೆಣ್ಣು ಅದನ್ನೂ ಕೂಗುವುದು, ದ್ವ್ಯಕ್ಷರದ ಕೂಗನ್ನೂ ಕೂಗುವುದು. ಎರಡಕ್ಷರ ಕೇಳಿಬಂದರೆ ಅದು ಹೆಣ್ಣೇ ಸರಿ. ಕಾಡಿನಲ್ಲಿ ಇವು ಜೋಡಿಯಾಗಿ ಬಾಳುವುವು. ಸಾಕಿದಲ್ಲಿ ನಾಲ್ಕೈದು ಹೆಣ್ಣುಗಳಿಗೆ ಒಂದು ಗಂಡು ಸಾಕಾಗುವುದು. ಸಾಮಾನ್ಯ ಕೋಳಿಯೊಡನೆ ಕೂಡಿ ಸಂಕರ ಮರಿಗಳಾಗುವುದುಂಟು, ಅವು ಬಂಜೆಗಳು.

ಹಗಲು ದೀರ್ಘವಾಗುತ್ತ ಬರುವ ಬೇಸಗೆಯಲ್ಲಿ ಮೊಟ್ಟೆಯ ಕಾಲವು ಆರಂಭವಾಗುವುದು. ಮೊಟ್ಟೆಯು ಸುಮಾರು ೪೦ ಗ್ರಾಮು ತೂಗುವುದು. ಅದರ ಚಿಪ್ಪು ಬಹಳ ಗಟ್ಟಿ. ಸಾಮಾನ್ಯ ಕೋಳಿಯ ಮೊಟ್ಟೆಗೆ ೨೧ ದಿನಗಳ ಕಾವು ಬೇಕಾದರೆ ಇದಕ್ಕೆ ೨೬ರಿಂದ ೨೮ ದಿನಗಳು ಬೇಕು.

೩

ಈ ಲೆಕ್ಕವು ಅಘನಾಶಿನೀ ತೀರದಲ್ಲಿ ಪ್ರಾಣದ ಲೆಕ್ಕವಾಗುವುದು. ಶಿರಸಿಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಕುಮಟೆಯ ಬಳಿ ಕಡಲನ್ನು ಸೇರುವ ಈ ನದಿಯ ಕೆಳದಂಡೆಯಲ್ಲಿಯೂ, ದಕ್ಷಿಣಕ್ಕೆ ಹೊನ್ನಾವರ ಭಟ್ಕಳಗಳಲ್ಲಿಯೂ ವರ್ಷಕ್ಕೆ ೩,೦೦೦ ಮಿಲಿಮೀಟರಿಗೆ ಮಿಕ್ಕಿ ಮಳೆ ಬೀಳುವುದು. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ. ಗಿನಿಕೋಳಿಯಾದರೋ ಒಣನಾಡಿನ ಪಕ್ಷಿ. ಬೆಳೆದ ಹಕ್ಕಿ ಗಟ್ಟಿಮುಟ್ಟಾದುದೇ ಆದರೂ, ಮೊದಲ ಕೆಲವು ವಾರಗಳ ಮರಿಯು ತೇವಕ್ಕೂ ಚಳಿಗೂ ಬೇಗನೆ ಬಲಿಯಾಗುವುದು. ಮಾರ್ಚಿಯ ಮೊದಲ ವಾರದಲ್ಲಿ ಕಾವಿಗಿಟ್ಟ ಮೊಟ್ಟೆಗಳು ಏಪ್ರಿಲಿನ ಆರಂಭದಲ್ಲಿ ಒಡೆದರೆ, ಮೃಗಶಿರೆಯ ಮಳೆ ಹಿಡಿಯುವ ವೇಳೆಗೆ ಮರಿಗಳಿಗೆ ಎಂಟು ವಾರಗಳು ಮೀರಿರುವುವು. ಮೇ ತಿಂಗಳಲ್ಲಿ ಕಾವಿಗಿಟ್ಟರೆ ಮರಿಗಳು ಹುಟ್ಟುವುದೇ ಮಳೆಯೊಳಗೆ.

ತಾಯಿಯ ಸ್ವಭಾವವೂ ಇದಕ್ಕೆ ಪ್ರತಿಕೂಲವಾದುದು. ಪೊದೆಯಲ್ಲಿ ಗುಟ್ಟಾಗಿ ಮೊಟ್ಟೆಯಿಟ್ಟು ಕಾವು ಕೂರುವ ಹೆಣ್ಣು, ಮರಿಗಳಾದೊಡನೆ ಇಬ್ಬನಿಯ ಹುಲ್ಲಿನಲ್ಲಿ ಅವನ್ನು ನಡೆಸಿಕೊಂಡು ಹೋಗುವುದು. ಹಿಂದುಳಿದುವು ನನೆದು ಸಾಯುವುವು. ಆದುದರಿಂದ ಊರಕೋಳಿಯ ಹೇಂಟೆಗೆ ಮೊಟ್ಟೆಗಳನ್ನು ಒಪ್ಪಿಸುವ ರೂಢಿಯು ಹುಟ್ಟಿತು. ಆದರೆ ಇಲ್ಲಿಯೂ ಒಂದು ಅಪಾಯವುಂಟು. ಹೇಂಟೆಯ ಕರುಳಿನಲ್ಲಿರುವ ಸಣ್ಣ ದಾರಹುಳುವಿನ ತತ್ತಿಗಳ ಮೂಲಕ ‘ಹಿಸ್ಟೊಮೋನಾಸ್’ ಎಂಬ ಸೂಕ್ಷ್ಮಜೀವಿಯು ಹರಡಿ, ಗಿನಿಮರಿಗಳ ಯಕೃತ್ತನ್ನು ಕೆಡಿಸಬಲ್ಲದು. ಸಾಕುತಾಯಿಗೆ ಮೊದಲೇ ಹುಳುವಿನ ಔಷಧವನ್ನು ಕೊಡುವುದೂ, ಹಳೆಯ ಕೋಳಿಗಳು ಮೆಟ್ಟದ ಒಣನೆಲದಲ್ಲಿ ಮರಿಗಳನ್ನಿಡುವುದೂ ಇದಕ್ಕೆ ಪರಿಹಾರ. ಕೊಕ್ಕರೆರೋಗವೆಂದು ಹಳ್ಳಿಗರು ಕರೆಯುವ ರಾಣಿಖೇತ್ ಜಾಡ್ಯವನ್ನು ಗಿನಿಕೋಳಿಯು ಊರಕೋಳಿಗಿಂತ ಚೆನ್ನಾಗಿ ತಡೆದುಕೊಳ್ಳುವುದಾದರೂ, ತಾನು ಬದುಕಿ ಅದನ್ನು ಬೇರೆ ಹಕ್ಕಿಗಳಿಗೆ ದಾಟಿಸಬಹುದು.

೪

ಈ ಪಕ್ಷಿಯು ಉಣುಗುಗಳನ್ನು ಹೆಕ್ಕಿ ತಿನ್ನುವುದೆಂಬ ಖ್ಯಾತಿಯು ಈ ಪ್ರಾಂತ್ಯಕ್ಕೆ ವಿಶೇಷವಾಗಿ ಸಂಬಂಧಿಸಿದುದು. ೧೯೫೭ರಲ್ಲಿ ಶಿವಮೊಗ್ಗೆ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಬರುವುದು. ಅದು ಉತ್ತರಕನ್ನಡದ ಕಾಡುಗಳಿಗೂ ಹಬ್ಬಿದೆ. ಅಮೇರಿಕದ ಲಾಂಗ್ ಐಲೆಂಡಿನಲ್ಲಿ ನಡೆದು ೧೯೯೨ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಗಿನಿಕೋಳಿಗಳು ಮೇದ ಹುಲ್ಲುನೆಲದಲ್ಲಿ ಬೆಳೆದ ಉಣುಗುಗಳು ಕಡಿಮೆಯಾದುದು ನಿಜ. ಆದರೆ ಮುಂದಿನ ಪರೀಕ್ಷೆಯಲ್ಲಿ ಎಳೆಯ ಉಣುಗುಗಳು ಕಡಿಮೆಯಾದುದು ಕಾಣಲಿಲ್ಲ. ಮಂಗನ ಕಾಯಿಲೆಯನ್ನು ಮನುಷ್ಯನಿಗೆ ಮುಖ್ಯವಾಗಿ ಅಂಟಿಸುವುವು ಈ ಎಳೆಯವೇ. ಅವು ಇರುವುದು ಕಾಡಿನ ತರಗೆಲೆಗಳಲ್ಲಿ, ಮನೆಯಂಗಳದಲ್ಲಲ್ಲ. ಮೇಲಾಗಿ ನೆಲದಲ್ಲಿ ಮೇಯುವ ಹಕ್ಕಿಗಳ ಮೈಗೆ ಎಳೆಯ ಉಣುಗುಗಳು ಅಂಟಿಕೊಳ್ಳುವುದೂ ಉಂಟು. ಕಾಡಿನಂಚಿಗೆ ಬಿಟ್ಟ ಹಕ್ಕಿಯು ಅವನ್ನು ಅಂಗಳಕ್ಕೆ ಹೊತ್ತು ತರಬಹುದು.

ಹೀಗಿರಲು ಗಿನಿಕೋಳಿಯನ್ನು ಮೊಟ್ಟೆಗಾಗಿ, ಮಾಂಸಕ್ಕಾಗಿ, ಅಪರಿಚಿತರನ್ನು ಕಂಡೊಡನೆ ಕೂಗೆಬ್ಬಿಸುವ ಕಾವಲಿಗಾಗಿ ಸಾಕುವುದು ಯುಕ್ತವೇ ಹೊರತು, ಜ್ವರದ ರಕ್ಷೆಯೆಂದು ನಂಬಿ ಸಾಕುವುದು ಯುಕ್ತವಲ್ಲ. ಒಣನಾಡಿನ ಹಕ್ಕಿಯು ಮಳೆನಾಡಿನಲ್ಲಿ ಬಾಳುವುದೋ ಇಲ್ಲವೋ ಎಂಬುದು, ಸಾಕುವವನು ಪಂಚಾಂಗವನ್ನು ನೋಡಿ ಕಾವಿಗಿಡುವನೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.